ಅಕ್ಕೋರ ರೈಲು

"ಅಕ್ಕೋರೇ, ಈ ಪ್ರಾಯದಲ್ಲಿ ಆಟಿಕೆ ರೈಲೇ?" ಕುಮಟೆಯ ನಮ್ಮ ಮನೆಗೆ ಬಂದವರ ಮೊದಲ ಪ್ರಶ್ನೆ ಇದೇ. ಆಟಿಕೆಯಲ್ಲ, ಮಾದರಿ, ನಿಜದ ರೈಲಿನ 87ರಲ್ಲಿ ಒಂದು ಪಾಲು. ಹೊನ್ನಾವರದ ಶರಾವತಿ ರೈಲು ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಈ ಅಳತೆಯಲ್ಲಿ ಕಟ್ಟಿದರೂ ಸುಮಾರು 24 ಮೀಟರು ಬೇಕು. ಜಗುಲಿ, ನಡುಮನೆ, ಅಡುಗೆಮನೆ ಸೇರಿದರೂ ಸಾಲದು. ಹಾಗಾಗಿ ನನ್ನ ಶರಾವತಿಗೆ ಎಂಟೇ ಕಂಬ. ಗುಡ್ಡಕ್ಕೆ ಜರಡಿ ಹಿಡಿದ ಚಿರೇಕಲ್ಲಿನ ಪುಡಿ. ಇಂಜಿನ್ನಿಗೆ 12 ವೋಲ್ಟಿನ ಕರೆಂಟು ಹಳಿಯಿಂದಲೇ ಹೋಗುತ್ತದೆ; ಧೂಳು ಕೂತರೆ ಗಾಡಿ ನಿಂತಿತು.

"ಇದರಿಂದ ಏನು ಉಪಯೋಗ?" ಕೇಳುವವರು ಹೆಂಗಸರೇ, ಅದೇ ನನಗೆ ಸಿಟ್ಟು. ಚೌತಿಗೆ ಗಂಡಸರು ವಾರವಿಡೀ ಮಂಟಪ ಕೊರೆದರೆ ಕಲೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದರೆ ಅಭಿರುಚಿ. ನಮ್ಮ ಕಸೂತಿ ಮಾತ್ರ ದಿಂಬಿಗಾಗಬೇಕು, ಹಪ್ಪಳ ಮಳೆಗಾಲಕ್ಕಾಗಬೇಕು. ಯಾರ ಹೊಟ್ಟೆಗೂ ಮೈಗೂ ಆಗದ ಒಂದು ಕೆಲಸವನ್ನು ಹೆಂಗಸು ಮಾಡಬಾರದೆ?

1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಭಟ್ಕಳದ ನನ್ನ ತವರಿನಿಂದ ಗಂಡಸರು, ಮಕ್ಕಳೆಲ್ಲ ಮುಂಬಯಿ ಗಾಡಿ ನೋಡಲು ಸ್ಟೇಷನ್ನಿಗೆ ಹೋದರು. ನಾನು ಒಲೆಯ ಮುಂದೆ. ಕೂಗು ಮಾತ್ರ ಕೇಳಿತು.

ಮೊನ್ನೆ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದವರು ಕೂತೇಬಿಟ್ಟರು. ಮೂರು ಸುತ್ತು ನೋಡಿ, "ಇನ್ನೊಂದು ಸಲ ಬಿಡಿ" ಅಂದರು. ಅವರ ಒಲೆಯ ಮೇಲೆ ಹಾಲಿತ್ತಂತೆ.