ಪ್ರಾಜೆಕ್ಟ್ ನೋಟ್‌ಬುಕ್ಕನ್ನು ಫೇರ್ ಮಾಡಬೇಡಿ

📓 ಭಾಗ 1/5

ಈ ಸಲದ್ದು ಸ್ವಲ್ಪ ಉದ್ದ ಉಂಟು, ಒಂದೇ ಕ್ಯಾಪ್ಶನ್‌ನಲ್ಲಿ ಹಿಡಿಯುವುದಿಲ್ಲ. ಐದು ಭಾಗ ಮಾಡಿ ಹಾಕ್ತಿದ್ದೇನೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ತಮ್ಮ, ತಂಗಿ ಇದ್ರೆ ಅವರಿಗೂ ಓದ್ಲಿಕ್ಕೆ ಕೊಡಿ.

ವಿಷಯ: ವಿಜ್ಞಾನ ಮೇಳದ ಪ್ರಾಜೆಕ್ಟ್ ನೋಟ್‌ಬುಕ್. "ಬಿಕಾಂನವರಿಗೆ ಸೈನ್ಸ್ ಸುದ್ದಿ ಎಂತಕ್ಕೆ?" ಅಂತ ಕೇಳುವವರು ಮೂರನೇ ಭಾಗದವರೆಗೆ ತಾಳಿ.

ನಾನು ಹೇಳುವುದು ಇಷ್ಟೇ. ಮೇಳದ ಹಿಂದಿನ ರಾತ್ರಿ ಕೂತು, ಸ್ಕೆಚ್ ಪೆನ್ನಲ್ಲಿ ಹೆಡ್ಡಿಂಗ್, ಸ್ಕೇಲ್ ಇಟ್ಟು ಮಾರ್ಜಿನ್, ಒಂದೇ ಪೆನ್ನಲ್ಲಿ ನಲವತ್ತು ದಿನದ್ದನ್ನು ಬರೆದು ಮುಗಿಸುವ ಆ ಚೆಂದದ ಪುಸ್ತಕ ಉಂಟಲ್ಲ, ಅದು ಪ್ರಾಜೆಕ್ಟ್ ನೋಟ್‌ಬುಕ್ ಅಲ್ಲ. ಅದು ನೋಟ್‌ಬುಕ್ಕಿನ ವೇಷ. ಅಸಲಿ ಪುಸ್ತಕ ಮನೆಯಲ್ಲೇ ಉಳಿದಿರ್ತದೆ. ಮಳೆನೀರು ಬಿದ್ದು ಶಾಯಿ ಹರಡಿದ್ದು, ಹೊಡೆದು ಹಾಕಿದ್ದು, ಮಧ್ಯದಲ್ಲಿ ಅಮ್ಮ ಹಾಲಿನ ಲೆಕ್ಕ ಬರೆದದ್ದು. ಮೇಳದ ಟೇಬಲ್ ಮೇಲೆ ಇಡಬೇಕಾದ್ದು ಅದನ್ನು. ಜಡ್ಜ್ ಮೊದಲು ಕೇಳಬೇಕಾದ್ದೂ ಅದನ್ನೇ.

ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. 1993ರಿಂದ ದೇಶ ಮಟ್ಟದಲ್ಲಿ ಮಕ್ಕಳ ವಿಜ್ಞಾನ ಸಮಾವೇಶ ನಡೀತಿದೆ. 10ರಿಂದ 17 ವರ್ಷದ ಮಕ್ಕಳು ಊರಿನದ್ದೇ ಒಂದು ಸಮಸ್ಯೆ ಹಿಡಿದು, ತಮ್ಮ ಭಾಷೆಯಲ್ಲೇ ಅಧ್ಯಯನ ಮಾಡಬಹುದು. ಅಲ್ಲಿ ವರದಿಯ ಜೊತೆಗೆ ಲಾಗ್ ಬುಕ್ಕೂ ಬೇಕು. ಇನ್‌ಸ್ಪೈರ್ ಮಾನಕ್‌ನಲ್ಲಿ ಆಯ್ಕೆಯಾದ ಮಗುವಿಗೆ ಮಾಡೆಲ್ ಮಾಡ್ಲಿಕ್ಕೆ ಸರ್ಕಾರ 10,000 ರೂಪಾಯಿ ಕೊಡ್ತದೆ. ಹಣ, ಹೆಸರು ಎರಡೂ ಇರುವ ಜಾಗದಲ್ಲಿ, ಕೆಲಸ ಯಾರು ಮಾಡಿದ್ದು ಅಂತ ತೋರಿಸುವ ಒಂದೇ ಸಾಕ್ಷಿ ಆ ಪುಸ್ತಕ.

📓 ಭಾಗ 2/5

ಈಗ ಒಂದು ನಿಜವಾದ ನೋಟ್‌ಬುಕ್ಕಿನ ಕಥೆ.

ನಮ್ಮ ಹತ್ತಿರದ ಮನೆಯ ಎಂಟನೇ ಕ್ಲಾಸಿನ ಹುಡುಗಿ. ಅವಳ ಪ್ರಶ್ನೆ: ಜೋರು ಮಳೆ ಬಂದ ಮೇಲೆ ಅಡಿಕೆ ನಳ್ಳಿ ಉದುರುವುದು ಜಾಸ್ತಿಯಾಗ್ತದಾ? ಕೊಳೆರೋಗದ ಊರಿನವರಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಎಂತದುಂಟು? ತೋಟದಲ್ಲಿ ಹತ್ತು ಮರಕ್ಕೆ ನಂಬರ್ ಹಾಕಿ, ದಿನಾ ಬೆಳಿಗ್ಗೆ ಅಡಿಯಲ್ಲಿ ಬಿದ್ದದ್ದನ್ನು ಹೆಕ್ಕಿ, ಎಣಿಸಿ ಬರೀತಿದ್ಳು.

ಒಂದು ದಿನ ವಿಪರೀತ ಮಳೆ, ಗಾಳಿ. ಮನೆಯವರು ತೋಟಕ್ಕೆ ಬಿಡ್ಲಿಲ್ಲ. ಆ ದಿನದ ಸಾಲು ಖಾಲಿ. ಮರುದಿನ 31.

ಫೇರ್ ಮಾಡುವಾಗ ನನ್ನ ಹತ್ರ ಬಂದು ಕೇಳಿದ್ಳು: "ಅಕ್ಕ, ಖಾಲಿ ಇದ್ರೆ ಚೆಂದ ಕಾಣುದಿಲ್ಲ ಅಂತಾರೆ. ಆಚೀಚೆ ದಿನ ನೋಡಿ 14 ಅಂತ ಹಾಕ್ಲಾ?"

ಒಂದು ನಿಮಿಷ ಯೋಚನೆ ಮಾಡಿ, 14 ಹಾಕಿದ್ರೆ ಎಂತ ಆಗ್ತದೆ?

ದಿನಾ ಹೆಕ್ಕುವ ಕಾರಣ, ಒಂದು ದಿನ ತಪ್ಪಿದ್ರೆ ಮರುದಿನ ಸಿಗುವುದು ಎರಡು ದಿನದ್ದು. ಅಂದ್ರೆ ಆ 31 ಎರಡು ದಿನದ ಲೆಕ್ಕ. ಖಾಲಿ ಬಿಟ್ರೆ ಓದುವವರಿಗೆ ಅದು ಗೊತ್ತಾಗ್ತದೆ. 14 ಹಾಕಿದ್ರೆ 31 ಒಂದೇ ದಿನದ್ದು ಅಂತ ಆಗ್ತದೆ, ಒಟ್ಟು 45 ಆಗ್ತದೆ. ಮರದಿಂದ ಬೀಳದೇ ಇದ್ದ 14 ಅಡಿಕೆ ಪುಸ್ತಕದಲ್ಲಿ ಬಿದ್ದ ಹಾಗಾಯ್ತು! ಗ್ರಾಫ್ ಹಾಕಿದ್ರೆ "ನೋಡಿ, ಮಳೆಯ ಮರುದಿನ ಹೇಗೆ ಏರಿದೆ" ಅಂತ ಕಾಣ್ತದೆ. ಅವಳು ಹುಡುಕ್ತಿದ್ದ ಉತ್ತರವನ್ನು ಅವಳ ಪೆನ್ನೇ ಹುಟ್ಟಿಸಿದ ಹಾಗೆ.

ಇನ್ನೊಂದು. ತೋಟಕ್ಕೆ ಹೋಗ್ಲಿಕ್ಕಾಗದ್ದು ಅತಿ ಜೋರು ಮಳೆಯ ದಿನವೇ. ಪ್ರಶ್ನೆಯೂ ಜೋರು ಮಳೆಯದ್ದೇ. ಹಾಗಾಗಿ ಆ ಖಾಲಿ ಸಾಲು ಇಡೀ ಪುಸ್ತಕದಲ್ಲಿ ಮುಖ್ಯವಾದ ಸಾಲುಗಳಲ್ಲಿ ಒಂದು.

ನಾವು ಹಾಗೇ ಬಿಟ್ಟೆವು. "ಜೋರು ಮಳೆ, ಹೋಗ್ಲಿಲ್ಲ. ನಾಳೆಯದ್ದು ಎರಡು ದಿನದ ಲೆಕ್ಕ." ಅಷ್ಟೇ. ಆಮೇಲೆ ಮೇಳದಲ್ಲಿ ಜಡ್ಜ್ ಎರಡು ಪುಟ ಮಗುಚಿ ಕೇಳಿದ್ದು: "ಫೇರ್ ಮಾಡ್ಲಿಲ್ವಾ?"

ಬಹುಮಾನ ಬರ್ಲಿಲ್ಲ. ಎಲ್‌ಇಡಿ ಮಿನುಗುವ ಮಾಡೆಲ್ ಒಂದಕ್ಕೆ ಹೋಯ್ತು.

📓 ಭಾಗ 3/5

ಈಗ ಬಿಕಾಂ ಸುದ್ದಿಗೆ ಬರುವ.

ಮೊದಲ ಸೆಮಿಸ್ಟರಲ್ಲೇ ನಮಗೆ ಕಲಿಸಿದ್ದೆಂತ? ವ್ಯವಹಾರ ನಡೆದ ದಿನವೇ, ನಡೆದ ಕ್ರಮದಲ್ಲೇ ಜರ್ನಲಲ್ಲಿ ಬರೀಬೇಕು. ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಬ್ಯಾಲೆನ್ಸ್ ಶೀಟ್ ಎಲ್ಲ ಅದರ ಮೇಲೆ ಕಟ್ಟುವ ಮಾಳಿಗೆ. ಬ್ಯಾಲೆನ್ಸ್ ಶೀಟ್ ಎಷ್ಟು ಚೆಂದ ಇದ್ರೂ ಆಡಿಟರ್ ಕೇಳುವುದು ವೋಚರನ್ನು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ರೆ? ಎಲ್ಲೋ ಒಂದು ಅಂಕಿ ತಿದ್ದಿ ಸರಿ ಮಾಡುವುದಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ಹುಡುಕ್ಲಿಕ್ಕೆ ಹೊರಡುವುದು. "ಇಲ್ಲಿ ನನಗೆ ಗೊತ್ತಾಗದ್ದು ಇಷ್ಟುಂಟು" ಅಂತ ಹೆಸರಿಟ್ಟು ಬರೆಯುವುದು. ಆ ಹುಡುಗಿಯ ಖಾಲಿ ಸಾಲೂ ಅದೇ ಜಾತಿಯದ್ದು.

ಕಾನೂನೇ ನೋಡಿ. 2023 ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಬರೆಯುವ ಸಾಫ್ಟ್‌ವೇರಲ್ಲಿ ಆಡಿಟ್ ಟ್ರಯಲ್ ಇರ್ಲೇಬೇಕು. ಯಾವ ಎಂಟ್ರಿಯನ್ನು ಯಾವ ದಿನ ತಿದ್ದಿದ್ದು ಅಂತ ಅದರಲ್ಲಿ ಉಳೀತದೆ, ಆಫ್ ಮಾಡ್ಲಿಕ್ಕೆ ಆಗಬಾರದು. ತಿದ್ದುವುದು ತಪ್ಪಲ್ಲ. ತಿದ್ದಿದ್ದು ಕಾಣದ ಹಾಗೆ ಮಾಡುವುದು ತಪ್ಪು. ಲೆಕ್ಕದ ಪುಸ್ತಕಗಳನ್ನು ಕಂಪನಿ ಕನಿಷ್ಠ 8 ವರ್ಷ ಇಟ್ಟಿರಬೇಕು ಅಂತಲೂ ಉಂಟು.

ದೊಡ್ಡವರ ಕಂಪನಿಗೆ ಈ ನಿಯಮ. ಹದಿಮೂರು ವರ್ಷದ ಮಗುವಿಗೆ ಮಾತ್ರ "ಚೆಂದ ಮಾಡಿ ಬರೆದು ತಾ, ಹಳೇದು ಬೇಡ" ಅಂತ ಹೇಳ್ತೇವೆ. ಇವತ್ತು 14 ಅಡಿಕೆ ಸೇರಿಸ್ಲಿಕ್ಕೆ ಕಲಿತ ಕೈ ನಾಳೆ ಬಿಲ್ಲಲ್ಲಿ ಎಂತ ಸೇರಿಸ್ತದೆ? ಮಕ್ಕಳನ್ನು ಬೈತಿರುವುದಲ್ಲ. ಮಕ್ಕಳು ಕಲಿಯುವುದು ನಾವು ಯಾವುದಕ್ಕೆ ಮಾರ್ಕ್ ಕೊಡ್ತೇವೆ ಅಂತ ನೋಡಿ.

📓 ಭಾಗ 4/5

"ದೊಡ್ಡ ವಿಜ್ಞಾನಿಗಳು ಹೀಗೆಲ್ಲ ಗೀಚಿ ಬರೀತಿದ್ರಾ?" ಅಂತ ಕೇಳುವವರಿಗೆ ಮೂರು ಉದಾಹರಣೆ.

ಒಂದು, ಫೆಬ್ರವರಿ 28. ಎಷ್ಟೋ ಶಾಲೆಗಳಲ್ಲಿ ಮೇಳ ಇಡುವುದೇ ಆ ದಿನ, ರಾಷ್ಟ್ರೀಯ ವಿಜ್ಞಾನ ದಿನ. 1928ರ ಆ ದಿನ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಅವರ ಶೋಧ. ಅವರ ಜೊತೆ ಪ್ರಯೋಗ ಮಾಡ್ತಿದ್ದ ಕೆ.ಎಸ್. ಕೃಷ್ಣನ್ ಆ ತಿಂಗಳು ಡೈರಿ ಬರೀತಿದ್ರು. ಆ ಕೆಲಸ ದಿನದಿಂದ ದಿನಕ್ಕೆ ಹೇಗೆ ನಡೆಯಿತು, ಯಾರು ಎಂತ ಮಾಡಿದ್ರು ಅಂತ ಇವತ್ತು ತಿಳಿಯಲು ಆ ಡೈರಿ ದೊಡ್ಡ ಆಧಾರ.

ಎರಡು, ಅಮೆರಿಕದ ಮಿಲಿಕನ್. ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶ ಅಳೆದವರು, 1923ರ ನೊಬೆಲ್. 1913ರ ಲೇಖನದಲ್ಲಿ 58 ಹನಿಗಳ ಲೆಕ್ಕ ಕೊಟ್ಟು, ಇದು ಆರಿಸಿ ತೆಗೆದದ್ದಲ್ಲ ಅಂದಿದ್ರು. ನೋಟ್‌ಬುಕ್ ತೆರೆದು ನೋಡಿದ್ರೆ ಅದಕ್ಕಿಂತ ತುಂಬ ಜಾಸ್ತಿ ಹನಿ ಉಂಟು, ಪಕ್ಕದಲ್ಲಿ "ಇದು ಚೆಂದ ಬಂತು, ಇದು ಸರಿ ಇಲ್ಲ" ಎಂಬಂಥ ಟಿಪ್ಪಣಿಗಳೂ ಉಂಟು. ಅವರು ಮಾಡಿದ್ದು ಸರಿಯಾ ತಪ್ಪಾ ಅಂತ ಇಂದಿಗೂ ಚರ್ಚೆ. ಆದ್ರೆ ಚರ್ಚೆ ಮಾಡ್ಲಿಕ್ಕಾದ್ರೂ ಆಗುವುದು ಆ ಪುಸ್ತಕ ಉಳಿದ ಕಾರಣ. ಚೆಂದದ ಲೇಖನ ಮಾತ್ರ ಉಳಿದಿದ್ರೆ ನಮಗೆ 58 ಮಾತ್ರ ಗೊತ್ತಿರ್ತಿತ್ತು.

ಮೂರು, ನಮ್ಮ ಹತ್ತಿರದ್ದೇ. ವಿಟ್ಲದ ಸಿಪಿಸಿಆರ್‌ಐ ಕೇಂದ್ರ. ನಮ್ಮ ತೋಟಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಂಗಳ ಅಡಿಕೆ ತಳಿ 1972ರಲ್ಲಿ ಬಿಡುಗಡೆಯಾದದ್ದು ಅಲ್ಲಿಂದ. ಅಡಿಕೆ ಸಸಿ ಫಲ ಕೊಡ್ಲಿಕ್ಕೇ ನಾಲ್ಕೈದು ವರ್ಷ ಬೇಕು. ಮರ ಮರದ ಫಸಲನ್ನು ವರ್ಷಗಟ್ಟಲೆ ಬರೆದಿಡದೆ ಒಂದು ತಳಿ ಒಳ್ಳೇದು ಅಂತ ಯಾರಿಗೂ ಹೇಳ್ಲಿಕ್ಕಾಗುವುದಿಲ್ಲ. ಪುತ್ತೂರು, ಸುಳ್ಯ ಕಡೆ ಹತ್ತಾರು ವರ್ಷದಿಂದ ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ಕೃಷಿಕರೂ ಇದ್ದಾರೆ. ಅವರ್ಯಾರೂ ಫೇರ್ ಮಾಡ್ಲಿಕ್ಕೆ ಕೂತವರಲ್ಲ.

📓 ಭಾಗ 5/5

"ಜಡ್ಜ್‌ಗಳು ನೀಟ್‌ನೆಸ್‌ಗೆ ಮಾರ್ಕ್ ಕೊಡ್ತಾರೆ, ಗಲೀಜು ಪುಸ್ತಕ ಇಟ್ರೆ ನಷ್ಟ ನಮಗೆ" ಅಂತ ನೀವು ಹೇಳ್ಬಹುದು. ಸರಿ. ಚಾರ್ಟ್ ಚೆಂದ ಮಾಡಿ, ವರದಿ ಚೆಂದ ಮಾಡಿ, ಅದಕ್ಕೆ ನನ್ನ ತಕರಾರಿಲ್ಲ. ನೋಟ್‌ಬುಕ್ಕನ್ನು ಮುಟ್ಟಬೇಡಿ. ಅಕ್ಷರ ಓದ್ಲಿಕ್ಕಾದ್ರೆ ಸಾಕು.

ಈ ವರ್ಷ ಮಾಡುವವರು ಇಷ್ಟು ಮಾಡಿ (ಸೇವ್ ಮಾಡಿಟ್ಕೊಳ್ಳಿ):

1. ಹೊಲಿದು ಬೈಂಡ್ ಮಾಡಿದ ಪುಸ್ತಕ ತೆಗೊಳ್ಳಿ. ಸ್ಪೈರಲ್ ಬೇಡ, ಹಾಳೆ ಹರಿದ್ರೆ ಗೊತ್ತಾಗುವುದಿಲ್ಲ. ಮೊದಲ ದಿನವೇ ಎಲ್ಲ ಪುಟಕ್ಕೆ ನಂಬರ್ ಹಾಕಿ.

2. ಪೆನ್ನಲ್ಲೇ ಬರೀರಿ. ತಪ್ಪಿದ್ರೆ ಒಂದೇ ಗೆರೆ, ಅಡಿಯಲ್ಲಿದ್ದದ್ದು ಓದುವ ಹಾಗಿರ್ಲಿ. ವೈಟ್ನರ್ ಬೇಡ.

3. ತಾರೀಕಿನ ಜೊತೆ ಗಂಟೆಯೂ ಬೇಕು. ಹವಾಮಾನ ಇಲಾಖೆ ಒಂದು ದಿನದ ಮಳೆ ಅಂತ ಹೇಳುವುದು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನದ್ದನ್ನು. ನೀವು ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ಅಳೆದ್ರೆ ಯಾವುದಕ್ಕೂ ಹೋಲಿಸ್ಲಿಕ್ಕಾಗುವುದಿಲ್ಲ.

4. ಆಗದಿದ್ದ ದಿನ ಖಾಲಿ ಬಿಡಿ, ಯಾಕೆ ಅಂತ ಬರೀರಿ.

5. ಕೊನೆಯಲ್ಲಿ ಎರಡು ಪುಟ: ಖರ್ಚೆಷ್ಟು, ಯಾರು ಎಂತ ಸಹಾಯ ಮಾಡಿದ್ರು. ಅಪ್ಪ ವಯರ್ ಜೋಡಿಸಿ ಕೊಟ್ರೆ ಅದನ್ನೂ ಬರೀರಿ. ಸಹಾಯ ತೆಗೊಳ್ಳುವುದರಲ್ಲಿ ನಾಚಿಕೆ ಇಲ್ಲ, ಮುಚ್ಚಿಡುವುದರಲ್ಲಿ ಉಂಟು.

6. ಫೋನಲ್ಲಿ ಫೋಟೋ ತೆಗೀರಿ, ಆದ್ರೆ ಎಣಿಸಿದ್ದನ್ನು ಅಲ್ಲೇ ನಿಂತು ಪುಸ್ತಕದಲ್ಲಿ ಬರೀರಿ. "ರಾತ್ರಿ ನೆನಪು ಮಾಡಿ ಬರೆಯುವ" ಅಂದ್ರೆ ಅಂಕಿಗಳು ನಿಮ್ಮಿಷ್ಟದ ಹಾಗೆ ನೆನಪಾಗ್ತವೆ.

ನನ್ನ ಕ್ಲಾಸ್‌ಮೇಟ್ಸ್‌ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಹಳೇ ಶಾಲೆಯ ಮೇಳಕ್ಕೆ ವಾಲಂಟಿಯರ್ ಆಗಿ ಹೋಗ್ತೇವೆ, ಕೆಲವರನ್ನು ಜಡ್ಜ್ ಮಾಡಿ ಕೂರಿಸ್ತಾರೆ. ಹೋದಾಗ ಮಾಡೆಲ್‌ನ ಸ್ವಿಚ್ ಹಾಕುವ ಮೊದಲು ಒಂದು ಕೇಳಿ: "ರಫ್ ಬುಕ್ ತಂದಿದ್ದೀಯಾ ಮಗಾ?" ತಂದ ಮಗುವಿನ ಜೊತೆ ಐದು ನಿಮಿಷ ಜಾಸ್ತಿ ನಿಲ್ಲಿ, ಹೊಡೆದು ಹಾಕಿದ ಸಾಲಿನ ಕಥೆ ಕೇಳಿ. ಮಾರ್ಕ್ ಅಲ್ಲಿಗೆ ಬಿದ್ದ ವರ್ಷದಿಂದ, ಹಿಂದಿನ ರಾತ್ರಿ ಕೂತು ಪುಸ್ತಕ ಬರೆಯುವುದು ತನ್ನಿಂದ ತಾನೇ ನಿಲ್ತದೆ.

ನಿಮ್ಮ ಮನೆಯಲ್ಲಿ ಹಳೇ ಪ್ರಾಜೆಕ್ಟ್ ಪುಸ್ತಕ ಇದ್ರೆ, ಅತಿ ಗಲೀಜು ಪುಟದ ಫೋಟೋ ಕಳಿಸಿ. ಸ್ಟೋರಿಗೆ ಹಾಕ್ತೇನೆ. 🌧️

#ದರ್ಬೆ #ಪುತ್ತೂರು #ವಿಜ್ಞಾನಮೇಳ #ರಫ್‌ಬುಕ್ #ಬಿಕಾಂಹುಡುಗಿ