ಬೀಜದೊಳಗಿನ ರಿಪೇರಿಯವನು, ನೋಟ್‌ಬುಕ್ಕಿನ ಪ್ರಶ್ನೆ



ಕಿಣ್ವ ಎಂದರೇನು ಅಂತ ಕೇಳಿದರೆ ನೀವು ಪಟಪಟನೆ ಹೇಳಿಬಿಡ್ತೀರಿ: ‘ಜೈವಿಕ ವೇಗವರ್ಧಕ’. ಅಂಕವೂ ಸಿಗುತ್ತದೆ. ಆದರೆ ಕೆಲವು ಕಿಣ್ವಗಳು ರಿಪೇರಿ ಕೆಲಸ ಮಾಡುತ್ತವೆ, ಗೊತ್ತಾ?

ಪ್ರೋಟೀನುಗಳಿಗೂ ವಯಸ್ಸಾಗುತ್ತದೆ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಸರಪಳಿ ತಾನೆ? ಅದರಲ್ಲಿ ಆಸ್ಪರಾಜಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಕೊಂಡಿಗಳು ಕಾಲ ಕಳೆದಂತೆ ತಾವಾಗಿಯೇ ಸೊಟ್ಟಗಾಗುತ್ತವೆ. ಸಾಮಾನ್ಯವಾಗಿ ಜೀವಕೋಶವು ಕೆಟ್ಟ ಪ್ರೋಟೀನನ್ನು ಒಡೆದು ಹೊಸದನ್ನು ಕಟ್ಟಿಕೊಳ್ಳುತ್ತದೆ. ಒಣ ಬೀಜದಲ್ಲಿ ಆ ಕೆಲಸ ಬಹುತೇಕ ನಿಂತಿರುತ್ತದೆ. ಆಗ ನೆರವಾಗುವುದು ಪಿಐಎಂಟಿ ಎಂಬ ಕಿಣ್ವ. ಅದು ಸೊಟ್ಟ ಕೊಂಡಿಗೆ ಒಂದು ಮೀಥೈಲ್ ಗುಂಪನ್ನು ಅಂಟಿಸುತ್ತದೆ. ಆ ಗುಂಪು ಕಳಚಿಕೊಂಡ ಮೇಲೆ ಕೆಲವು ಕೊಂಡಿಗಳು ನೆಟ್ಟಗಾಗುತ್ತವೆ, ಉಳಿದವಕ್ಕೆ ಮತ್ತೆ ಅದೇ ಚಿಕಿತ್ಸೆ.

ಚೀನಾದಲ್ಲಿ ಬತ್ತಿದ ಕೆರೆಯೊಂದರ ತಳದಿಂದ ಸುಮಾರು 1300 ವರ್ಷ ಹಳೆಯ ತಾವರೆ ಬೀಜ ಸಿಕ್ಕಿತ್ತು. ಅಮೆರಿಕದ ಲಾಸ್ ಏಂಜಲೀಸ್‌ನ ವಿಜ್ಞಾನಿ ಜೇನ್ ಶೆನ್-ಮಿಲ್ಲರ್ ಮತ್ತು ಸಂಗಡಿಗರು ಅದು ಮೊಳೆತದ್ದನ್ನು 1995ರಲ್ಲಿ ವರದಿ ಮಾಡಿದರು. ಅಷ್ಟು ಹಳೆಯ ಬೀಜದಲ್ಲೂ ಈ ಕಿಣ್ವ ಚುರುಕಾಗಿಯೇ ಇತ್ತು! ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯಲ್ಲಿ ಇದೇ ಕಿಣ್ವವನ್ನು ನಮ್ಮ ಕಡಲೆ ಬೀಜದಲ್ಲಿ ಅಭ್ಯಾಸ ಮಾಡಿದ್ದಾರೆ.

ಇದನ್ನೂ ಬಾಯಿಪಾಠ ಮಾಡಿ ಅಂತ ನಾನು ಹೇಳುತ್ತಿಲ್ಲ. ಜೀವಶಾಸ್ತ್ರವನ್ನು ಹುಡುಕುತ್ತಾ ಕಲಿಯಬೇಕು ಎಂಬುದೇ ನನ್ನ ಮಾತು. ಅಮೆರಿಕದಲ್ಲಿ 2008ರಿಂದ ಒಂದು ಯೋಜನೆ ನಡೆದಿದೆ. ಅಲ್ಲಿ ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳೇ ಮಣ್ಣು ತಂದು, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಹೊಸ ವೈರಸ್‌ಗಳನ್ನು ಹುಡುಕಿ ಹೆಸರಿಡುತ್ತಾರೆ. ಉತ್ತರ ಮೇಷ್ಟ್ರಿಗೂ ಮೊದಲೇ ಗೊತ್ತಿರುವುದಿಲ್ಲ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ. ಕೊನೆಯ ವರ್ಷ ಸಂಶೋಧನೆಗೆ ಅವಕಾಶವಿದೆ. ಒಳ್ಳೆಯದೇ. ಆದರೆ ಪ್ರಶ್ನೆ ಕೇಳಲು ನಾಲ್ಕನೇ ವರ್ಷದವರೆಗೆ ಯಾಕೆ ಕಾಯಬೇಕು?

‘ಪಾಠ ಮುಗಿಯುವುದೇ ಕಷ್ಟ, ಇದಕ್ಕೆಲ್ಲ ಸಮಯ ಎಲ್ಲಿದೆ?’ ಎನ್ನುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ. ಪಿಐಎಂಟಿಯನ್ನು ಅಳೆಯುವ ಉಪಕರಣ ನಮ್ಮ ಶಾಲೆಗಳಲ್ಲಿ ಇಲ್ಲವೂ ಇಲ್ಲ. ಆದರೆ ಬೀಜ ಇದೆಯಲ್ಲ! ಈ ವರ್ಷದ ಕಡಲೆ 50, ಎರಡು ಮೂರು ವರ್ಷ ಹಳೆಯದು 50 ತನ್ನಿ. ಕಡಲೆ ಸಿಗದಿದ್ದರೆ ಅಲಸಂದೆಯೋ ಭತ್ತವೋ ಆದೀತು. ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಏಳು ದಿನ, ದಿನಕ್ಕೊಮ್ಮೆ ಮೊಳಕೆ ಎಣಿಸಿ ಬರೆಯಿರಿ. ಹಳೆಯದು ಕಡಿಮೆ ಮೊಳೆತರೆ ‘ಕಿಣ್ವ ಸೋತಿತು’ ಎಂದು ಬರೆದುಬಿಡಬೇಡಿ. ಬೂಷ್ಟು ಹಿಡಿದಿತ್ತೇ? ಹುಳು ತಿಂದಿತ್ತೇ? ಡಬ್ಬಿಯಲ್ಲಿ ತೇವ ಇತ್ತೇ? ಒಂದೊಂದನ್ನೂ ಹೇಗೆ ಪರೀಕ್ಷಿಸುವುದು? ನಿಜವಾದ ಪಾಠ ಶುರುವಾಗುವುದೇ ಇಲ್ಲಿಂದ.

ಇನ್ನೊಂದು ಅಳುಕು ನಿಮ್ಮಲ್ಲಿ ಇರುತ್ತದೆ: ‘ಕನ್ನಡ ಶಾಲೆಯವರು ನಾವು, ಮುಂದೆ ಕಾಲೇಜಿನಲ್ಲಿ ಎಲ್ಲಾ ಇಂಗ್ಲಿಷ್. ಸಂಶೋಧನೆ ನಮ್ಮಿಂದ ಆಗುತ್ತದಾ?’ ಮನೆ ಭಾಷೆ ಒಂದು, ಸುತ್ತಲಿನ ರಾಜ್ಯದ ಭಾಷೆ ಇನ್ನೊಂದು ಆಗಿರುವ ನಮ್ಮ ಗಡಿನಾಡಿನಲ್ಲಿ ಈ ಅಳುಕು ಸಹಜ. ಆದರೆ ನೋಡಿ, 50ರಲ್ಲಿ 31 ಮೊಳೆತರೆ ಯಾವ ಭಾಷೆಯಲ್ಲಿ ಎಣಿಸಿದರೂ ಅದು 31ಯೇ. ಇಂಗ್ಲಿಷ್ ಹೆಸರುಗಳನ್ನು ಕಾಲೇಜಿನ ಮೊದಲ ಆರು ತಿಂಗಳಲ್ಲಿ ಕಲಿತುಬಿಡಬಹುದು. ‘ಯಾಕೆ?’ ಎಂದು ಕೇಳಿ, ‘ನೋಡೋಣ’ ಎಂದು ಕೈ ಹಚ್ಚುವ ಅಭ್ಯಾಸ ಅಷ್ಟು ಬೇಗ ಬರುವುದಿಲ್ಲ. ಅದನ್ನು ಕನ್ನಡದಲ್ಲೇ, ಈಗಲೇ ಬೆಳೆಸಿಕೊಂಡರೆ ಕಾಲೇಜಿನಲ್ಲಿ ನೀವು ಯಾರಿಗೂ ಕಡಿಮೆಯಲ್ಲ.

ಈ ವಾರವೇ ಬೀಜ ನೆನೆಹಾಕಿ. ಬಂದ ಲೆಕ್ಕ ಪುಸ್ತಕಕ್ಕೆ ಹೊಂದದಿದ್ದರೂ ತಿದ್ದಬೇಡಿ. ಹಾಗೇ ಬರೆದು ನಿಮ್ಮ ಟೀಚರಿಗೆ ತೋರಿಸಿ, ಯಾಕೆ ಹೀಗಾಯಿತು ಅಂತ ಅವರ ಜೊತೆ ವಾದ ಮಾಡಿ.