ಕಾಕಾ ಅವರ ಸಿ. ಡಿ. ಪೆಟ್ಟಿಗೆ

ಹಳೆಯ ವಸ್ತುವೊಂದು ಕೆಟ್ಟಿತೆಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುವುದು ಲೋಕರೂಢಿ. ರಿಪೇರಿ ಮಾಡಿಸಬೇಕೆಂಬುದು ಹಿರಿಯರ ಪಕ್ಷ. ಎಸೆದು ಹೊಸದು ತರಬೇಕೆಂಬುದು ಕಿರಿಯರ ಪಕ್ಷ. ತೀರ್ಪು ಹೊರಬೀಳುವವರೆಗೆ ಆ ವಸ್ತುವಿಗೆ ಅಟ್ಟದ ಮೇಲೆ ಜಾಗ ಹುಡುಕುವ ಕೆಲಸ ಮಾತ್ರ ಗೃಹಿಣಿಯ ಪಾಲಿಗೆ. ಕಳೆದ ಬೇಸಿಗೆಯಲ್ಲಿ ಇಂಥದೇ ಒಂದು ವ್ಯಾಜ್ಯದಲ್ಲಿ ನಾನು ಮಧ್ಯಸ್ಥನಾಗಬೇಕಾಯಿತು.

ವಿಜಯಪುರಕ್ಕೆ ಸಮೀಪದ ಅರಕೇರಿಯಲ್ಲಿ ನಮ್ಮ ಕಾಕಾ ಇದ್ದಾರೆ. ನಿವೃತ್ತ ಶಾಲಾ ಮಾಸ್ತರರು. 1996ರಲ್ಲಿ ಅವರ ಹಿರಿಯ ಮಗ ಪುಣೆಯಿಂದ ಒಂದು ಸಿ. ಡಿ. ಪ್ಲೇಯರನ್ನು ತಂದುಕೊಟ್ಟಿದ್ದ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರೆಲ್ಲರೂ ಆ ಮನೆಯ ಪಡಸಾಲೆಯಲ್ಲಿ ಸಂಜೆಯ ಅತಿಥಿಗಳಾಗಿದ್ದರು. ಈಚೆಗೆ ಪೆಟ್ಟಿಗೆಯ ಬಾಯಿ ಕರೆದಾಗ ತೆರೆಯುತ್ತಿರಲಿಲ್ಲ. ತೆರೆದು ಹಾಡಿದರೂ, ಗೋಲಗುಮ್ಮಟದಲ್ಲಿ ಕೂಗಿದಂತೆ ಒಂದೇ ಮಾತನ್ನು ಏಳು ಸಲ ಹೇಳಿ ಸ್ತಬ್ಧವಾಗುತ್ತಿತ್ತು.

"ಅದನ್ನ ಗುಜರಿಗೆ ಹಾಕ್ರಿ ಅಜ್ಜಾ; ಫೋನಿನಾಗ ಎಲ್ಲಾರೂ ಹಾಡ್ತಾರ" ಎಂದ ಮೊಮ್ಮಗ.

ಕಾಕಾ ಅವನನ್ನು ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ಫೋನಿನಾಗ ನಿಮ್ಮ ಕಾಕು ಅದಾಳೇನಪಾ?" ಎಂದರು.

ಆಗ ನನಗೆ ನೆನಪಾಯಿತು. 2004ರಲ್ಲಿ ಮನೆಯ ಮದುವೆಯೊಂದರಲ್ಲಿ ಕಾಕು ಹಾಡಿದ ಸೋಬಾನೆ ಪದಗಳನ್ನು ಯಾರೋ ಒಂದು ತಟ್ಟೆಗೆ ಇಳಿಸಿಕೊಟ್ಟಿದ್ದರು. ಕಾಕು ತೀರಿಹೋಗಿ ಒಂಬತ್ತು ವರ್ಷ. ಆ ದನಿಗೆ ಬೇರೆ ಪ್ರತಿಯೇ ಇರಲಿಲ್ಲ.

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಜಯಪುರದ ಒಬ್ಬ ಹಳೆಯ ರೇಡಿಯೋ ರಿಪೇರಿಯವರ ಬಳಿ ಹೋದೆವು. ಅವರು ಮುಚ್ಚಳ ಬಿಚ್ಚಿ, ಮೊದಲು ಬೆಲೆಯನ್ನಲ್ಲ, ರೋಗವನ್ನು ಹೇಳಿದರು. ಆ ಕ್ರಮವೇ ಸರಿಯೆಂದು ನನಗೆ ತೋರಿತು.

ಈ ಯಂತ್ರದ ವಯಸ್ಸು ಬಹಳವೇನಲ್ಲ. ಮೊತ್ತಮೊದಲ ಸಿ. ಡಿ. ಪ್ಲೇಯರು ಜಪಾನಿನ ಅಂಗಡಿಗಳಿಗೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಹನ್ನೆರಡು ಸೆಂಟಿಮೀಟರು ಅಗಲದ ತಟ್ಟೆಯನ್ನು ಅದು ಮುಳ್ಳಿನಿಂದಲ್ಲ, ಕಣ್ಣಿಗೆ ಕಾಣದ ಲೇಸರ್ ಕಿರಣದಿಂದ ಓದುತ್ತದೆ. ಗ್ರಾಮಫೋನಿನ ಮುಳ್ಳು ಅಂಚಿನಿಂದ ನಡುವಿಗೆ ನಡೆದರೆ, ಈ ಕಿರಣವು ನಡುವಿನಿಂದ ಅಂಚಿಗೆ ನಡೆಯುತ್ತದೆ. ಮುಟ್ಟದೆ ಓದುವುದರಿಂದ ತಟ್ಟೆ ಸವೆಯುವುದಿಲ್ಲ. ಆದರೆ ಓದುವ ಕಣ್ಣಿಗೆ, ಅದನ್ನು ನಡೆಸುವ ಕಾಲಿಗೆ ಮುಪ್ಪು ತಪ್ಪಿದ್ದಲ್ಲ.

ಆದುದರಿಂದ ಓದುಗರೇ, ನಿಮ್ಮ ಮನೆಯ ಪೆಟ್ಟಿಗೆ ಮುನಿಸಿಕೊಂಡರೆ ಅದರ ಲಕ್ಷಣಗಳನ್ನು ಗಮನಿಸಿರಿ. ಬಾಯಿ ತೆರೆಯದಿದ್ದರೆ, ಬಹುಮಟ್ಟಿಗೆ ಒಳಗಿನ ಸಣ್ಣ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ. ಅದು ಅಗ್ಗದ ಸಾಮಾನು. ತಟ್ಟೆಯನ್ನೇ ಗುರುತಿಸದಿದ್ದರೆ ಲೆನ್ಸಿನ ಮೇಲೆ ಧೂಳು ಕುಳಿತಿರಬಹುದು; ನಮ್ಮ ಕಪ್ಪು ನೆಲದ ಬೇಸಿಗೆಯಲ್ಲಿ ಧೂಳಿಗೇನು ಕೊರತೆ? ನಡುವೆ ತೊದಲಿದರೆ ಲೆನ್ಸು ಜಾರುವ ಹಳಿಯ ಗ್ರೀಸು ಗಟ್ಟಿಯಾಗಿರಬಹುದು. ದನಿಯಲ್ಲಿ ಗುಂಯ್‌ಗುಡುವಿಕೆ ಸೇರಿದರೆ ಕೆಪ್ಯಾಸಿಟರುಗಳು ಒಣಗಿರಬಹುದು. ಇವೆಲ್ಲವೂ ವಾಸಿಯಾಗುವ ಕಾಯಿಲೆಗಳು. ಲೇಸರೇ ಕ್ಷೀಣಿಸಿ ಅದರ ಬದಲಿ ಸಿಗದಿದ್ದರೆ, ಅಥವಾ ಮುಖ್ಯ ಐ.ಸಿ. ಸುಟ್ಟಿದ್ದರೆ, ಆಗ ಬೀಳ್ಕೊಡುಗೆಯ ಮಾತು. ಆದರೆ ವಿದ್ಯುತ್ತಿನ ಪ್ಲಗ್ಗು ತೆಗೆಯದೆ ಮುಚ್ಚಳಕ್ಕೆ ಕೈಹಾಕಬಾರದು. ಲೇಸರಿನೊಳಗೆ ಇಣುಕುವ ಸಾಹಸವೂ ಸಲ್ಲದು. ಕಾಣದ ಬೆಳಕು ಕಣ್ಣನ್ನು ಕೆಡಿಸಬಲ್ಲುದು.

ಕಾಕಾ ಅವರ ಪೆಟ್ಟಿಗೆಗೆ ಹೊಸ ಬೆಲ್ಟು ಬಿತ್ತು, ಲೆನ್ಸು ಶುಚಿಯಾಯಿತು, ಹಳಿಗೆ ಹೊಸ ಗ್ರೀಸು ಬಂತು. ಮನಸೂರರು ನಿರಾತಂಕವಾಗಿ ಹಾಡಿದರು. ಕಾಕಾ ಜೇಬಿನಿಂದ ಕಾಕುವಿನ ತಟ್ಟೆಯನ್ನು ತೆಗೆದುಕೊಟ್ಟರು. ಅದು ಮಾತ್ರ ಎರಡನೆಯ ಪದದಲ್ಲಿ ತೊದಲಿ ನಿಂತಿತು. ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.

"ಪೆಟಿಗಿ ತಪ್ಪಲ್ರಿ ಮಾಸ್ತರ್ರ" ಎಂದರು ರಿಪೇರಿಯವರು. "ಇದು ಅಚ್ಚಿನ ತಟ್ಟಿ ಅಲ್ಲ, ಮನ್ಯಾಗ ಬರದದ್ದು. ಮೊದಲ ಇದರ ನಕಲ ತಗೀರಿ. ಲೆನ್ಸ್ ಬದಲಿ ಮಾತು ಆಮ್ಯಾಲೆ."

ಇದನ್ನು ಕೊಂಚ ವಿವರಿಸಬೇಕು. ಕಾರ್ಖಾನೆಯ ತಟ್ಟೆಯಲ್ಲಿ ಸಂಗೀತವು ಸೂಕ್ಷ್ಮವಾದ ಕುಳಿಗಳ ರೂಪದಲ್ಲಿ ಅಚ್ಚಾಗಿರುತ್ತದೆ. ಮನೆಯಲ್ಲಿ ಬರೆದ ತಟ್ಟೆಯಲ್ಲಾದರೋ ತೆಳ್ಳನೆಯ ಬಣ್ಣದ ಪದರದ ಮೇಲೆ ಲೇಸರು ಮಾಡಿದ ಗುರುತುಗಳಿರುತ್ತವೆ. ಬಿಸಿಲು ಸೆಕೆಗಳಿಗೆ ಆ ಪದರ ಮಾಸುತ್ತದೆ. ಮುದಿ ಕಣ್ಣಿಗೆ ಅದನ್ನು ಓದುವುದು ಕಷ್ಟ. ಅಂದರೆ ನಾವು ಪೆಟ್ಟಿಗೆಯ ಆಯುಷ್ಯಕ್ಕಾಗಿ ವಾದಿಸುತ್ತಿದ್ದಾಗ, ನಿಜವಾಗಿ ಸವೆಯುತ್ತಿದ್ದುದು ತಟ್ಟೆ.

ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಹೊರಗಿನಿಂದ ಜೋಡಿಸುವ ಡ್ರೈವ್ ಒಂದಿತ್ತು. ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ, ಸುತ್ತಾಗಿ ಉಜ್ಜದೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಹಾಕಿದರು. ಮೊದಲ ಸಲ ಓದಲಿಲ್ಲ. ಎರಡನೆಯ ಸಲ ನಿಧಾನವಾಗಿ, ನಿಂತು ನಿಂತು, ಆರು ಪದಗಳಲ್ಲಿ ಐದನ್ನು ಓದಿತು. ಆರನೆಯದು ಬರಲೇ ಇಲ್ಲ. ಕಾಕು ಗಂಟಲು ಸರಿಮಾಡಿಕೊಂಡು ಪದ ಎತ್ತಿದ್ದೇ ತಡ, ಮೊಮ್ಮಗ ಕುರ್ಚಿಯಿಂದ ಎದ್ದು ನಿಂತ. ಅವನಿಗೆ ಅಜ್ಜಿಯ ಮುಖದ ನೆನಪಿತ್ತು, ದನಿಯ ನೆನಪಿರಲಿಲ್ಲ. ಐದು ಪದಗಳನ್ನೂ ಮೂರು ಕಡೆ ಉಳಿಸಿಡುವ ಕೆಲಸವನ್ನು ಅವನೇ ಹೊತ್ತುಕೊಂಡ.

ಇನ್ನು ನನ್ನ ತೀರ್ಪು. ಪೆಟ್ಟಿಗೆ ಕೆಟ್ಟರೆ ಮೊದಲು ಮನೆಯಲ್ಲಿ ಬರೆದ ತಟ್ಟೆಗಳ ಪ್ರತಿ ಮಾಡಿಸಿರಿ. ಆ ಕೆಲಸ ಕಾಯುವಂಥದಲ್ಲ. ಬಳಿಕ ರೋಗ ತಿಳಿಯಿರಿ. ಬೆಲ್ಟು, ಧೂಳು, ಗ್ರೀಸಿನ ಮಾತಾದರೆ ರಿಪೇರಿ ಮಾಡಿಸಿರಿ. ಲೇಸರಿನ ಮಾತಾದರೆ ಬದಲಿ ಸಾಮಾನು ಸಿಗುವುದೇ, ಹಾಕಿದವರು ಅದಕ್ಕೆ ಹೊಣೆಯಾಗುವರೇ ಎಂದು ಕೇಳಿಕೊಳ್ಳಿರಿ. ಇಲ್ಲವೆಂದಾದರೆ ಸುಸ್ಥಿತಿಯ ಹಳೆಯ ಡಿ. ವಿ. ಡಿ. ಪ್ಲೇಯರೂ ಈ ತಟ್ಟೆಗಳನ್ನು ಹಾಡಿಸೀತು. ನಿಮ್ಮ ತಟ್ಟೆಯನ್ನೇ ಒಯ್ದು ಪರೀಕ್ಷಿಸಿ ಕೊಳ್ಳಿರಿ. ಸತ್ತ ಪೆಟ್ಟಿಗೆಯನ್ನು ಕಸದ ತೊಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿರಿ.

ಹದಿನೈದು ದಿನಗಳ ಮೇಲೆ ಕಾಕಾ ತಾವಾಗಿಯೇ ಫೋನು ಮಾಡಿದ್ದರು.

"ಈಗ ಫೋನಿನಾಗೂ ಅದಾಳಪಾ ನಿಮ್ಮ ಕಾಕು" ಎಂದರು. "ಆದ್ರೂ ಸಂಜೀಮುಂದ ನಾ ಪೆಟಿಗೀನ ಹಚ್ಚತೇನಿ. ಮನಸೂರ ಅವರು ಹಾಡಿ ಮುಗಿಸಿದ್ರಂದ್ರ ಅದು ತಾನಽ ಸುಮ್ನ ಆಗತದ. ಫೋನು ಸುಮ್ನ ಆಗೂದಿಲ್ಲ ನೋಡು."